ಹೊಳೆಗುಂಟ ಒಂದು ವರ್ಷ

ಮೃಗಶಿರೆ ಮಳೆ ಹಿಡಿಯಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಎಲ್ಲರ ಮಾತೂ ಒಂದು ಸ್ವರ ಏರುತ್ತದೆ. ಹೆಂಚಿನ ಮೇಲೆ ಸುರಿಯುವ ನೀರು, ಮಾಡಿನಂಚಿಗೆ ಕಟ್ಟಿದ ಅಡಿಕೆ ಮರದ ದೋಣಿಯಲ್ಲಿ ಓಡಿ ಅಂಗಳದ ಮೂಲೆಗೆ ಧುಮುಕುವ ನೀರು, ಅಂಗಳದಾಚೆ ತೋಟದ ಬಸಿಗಾಲುವೆಯಲ್ಲಿ ಕೆಂಪಗೆ ನುಗ್ಗುವ ನೀರು, ಮೂರಕ್ಕೂ ಮೂರು ಸದ್ದು. ಜಗುಲಿಯ ಕಂಬಕ್ಕೊರಗಿ ತುಸು ಹೊತ್ತು ಕೂತರೆ ಇವುಗಳ ಹಿಂದಿನಿಂದ ಇನ್ನೊಂದು ಸದ್ದು ಬಿಡಿಸಿಕೊಂಡು ಬರುತ್ತದೆ. ಅದಕ್ಕೆ ಏರಿಳಿತವಿಲ್ಲ, ಬಿಡುವಿಲ್ಲ. ಮೊದಲು ಬೆನ್ನಿಗೆ ತಿಳಿಯುತ್ತದೆ, ಆಮೇಲೆ ಕಿವಿಗೆ. ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆಯೇ ಹೇಳುತ್ತಾನೆ: “ಜೋಗ ಕೂಗ್ತಾ ಇದ್ದು. ಹೊಳೆ ತುಂಬಿದ್ದು.”

ಜೋಗವೆಂದರೆ ಉಂಚಳ್ಳಿಯದು, ಊರವರ ಬಾಯಲ್ಲಿ ಕೆಪ್ಪ ಜೋಗ. ಸಿದ್ದಾಪುರ ತಾಲೂಕಿನ ಹೆಗ್ಗರಣಿ ಕಡೆಯ ನಮ್ಮ ಕೇರಿಗಳಲ್ಲಿ ಮಳೆಗಾಲದ ರಾತ್ರಿ ಆ ಸದ್ದಿನಲ್ಲೇ ನಿದ್ದೆ, ಅದರಲ್ಲೇ ಎಚ್ಚರ. ಅಘನಾಶಿನಿ ಅಲ್ಲಿ 116 ಮೀಟರ್ ಆಳಕ್ಕೆ ಬಿದ್ದು ಘಟ್ಟದ ಮೇಲಿನ ಬದುಕು ಮುಗಿಸಿ, ಕಾಡು ತುಂಬಿದ ಕಣಿವೆ ಹಿಡಿದು ಕರಾವಳಿಗೆ ಹೊರಡುತ್ತದೆ. 1845ರಲ್ಲಿ ಇಲ್ಲಿಗೆ ಬಂದ ಲುಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರನ ಹೆಸರನ್ನು ಪುಸ್ತಕಗಳು ಈ ಜೋಗಕ್ಕೆ ಇಟ್ಟಿವೆ. ತೋಟದ ಜನರ ಬಾಯಲ್ಲಿ ಆ ಹೆಸರು ನಾನು ಕೇಳಿಲ್ಲ.

ಕಳೆದ ಮೃಗಶಿರೆಯಿಂದ ಈ ಸಲದ ಮೃಗಶಿರೆಯವರೆಗೆ ನಮ್ಮ ಮನೆಯವರೆಲ್ಲ ಈ ಒಂದೇ ಹೊಳೆಯ ಗುಂಟ ಮೇಲಕ್ಕೂ ಕೆಳಕ್ಕೂ ಓಡಾಡಿದೆವು. ಬೇರೆ ಯಾತ್ರೆ ಮಾಡಲಿಲ್ಲ. ಕಾರಣ ಎರಡು. ತಂಗಿ ಚೊಚ್ಚಲ ಬಸುರಿಯಾಗಿದ್ದಳು. ಅವಳನ್ನು ಕೊಟ್ಟದ್ದು ಕುಮಟಾ ಹತ್ತಿರದ ಹೆಗಡೆ ಊರಿಗೆ, ಇದೇ ಹೊಳೆ ಕಡಲು ಸೇರುವ ಬಯಲಿಗೆ. ಹಾಗಾಗಿ ಹೊಳೆಯ ಮೇಲ್ತುದಿಯಲ್ಲಿ ತವರು, ಕೆಳತುದಿಯಲ್ಲಿ ಗಂಡನ ಮನೆ. ಇನ್ನೊಂದು ಕಾರಣ ಅಪ್ಪಯ್ಯನ ಮಾತು. “ಈ ಹೊಳೆ ನೀರು ಕುಡ್ದು ಎಂಬತ್ತು ವರ್ಷ ಆತು. ಅದು ಹುಟ್ಟಿದ್ದು ಎಲ್ಲಿ, ಸೇರಿದ್ದು ಎಲ್ಲಿ ಹೇಳಿ ಸಮಾ ನೋಡಿದ್ನೇ ಇಲ್ಲೆ. ಈ ವರ್ಷ ಕರ್ಕಂಡು ಹೋಗು ಮಾಣಿ” ಎಂದು ಅವನು ಊಟದ ಮನೆಯಲ್ಲಿ ಕೈ ತೊಳೆಯುತ್ತ ಹೇಳಿದ. ಏನನ್ನೂ ಬೇಕೆಂದು ಕೇಳುವ ಅಭ್ಯಾಸ ಅಪ್ಪಯ್ಯನಿಗಿಲ್ಲ. ಆದ್ದರಿಂದ ಆ ಮಾತು ಮನೆಯಲ್ಲಿ ಎಲ್ಲರ ಕಿವಿಯಲ್ಲೂ ಉಳಿಯಿತು.

ತಂಗಿಯನ್ನು ಬಾಣಂತನಕ್ಕೆ ಕರೆತಂದದ್ದು ದೊಡ್ಮನೆ ಘಟ್ಟದ ರಸ್ತೆಯಲ್ಲಿ, ಮಳೆ ಇನ್ನೂ ಪೂರ್ತಿ ಪಳಗದ ದಿನಗಳಲ್ಲಿ. ಜೀಪಿನ ಗಾಜಿಗೆ ಎಲೆಗಳು ಬಂದು ಅಂಟುತ್ತಿದ್ದವು. ತಿರುವು ತಿರುವಿಗೆ ಗುಡ್ಡದ ಮೈಯಿಂದ ಬಿಳಿ ನೀರು ರಸ್ತೆಗೆ ಹಾರಿ, ಇನ್ನೊಂದು ಬದಿಯ ಕಂದಕಕ್ಕೆ ಇಳಿಯುತ್ತಿತ್ತು. ಬಿದಿರು ಮೆಳೆ ಬಾಗಿ ರಸ್ತೆಯ ಮೇಲೆ ಕಮಾನು ಕಟ್ಟಿತ್ತು. ಜುಲೈ ದಾಟಿದರೆ ಗುಡ್ಡ ಯಾವಾಗ ಜಾರುತ್ತದೆಂದು ಹೇಳಲಾಗದು. ಘಟ್ಟದ ಮೇಲಿನವರ ಬಾಣಂತನ, ಮದುವೆ, ಆಸ್ಪತ್ರೆ ಎಲ್ಲ ಲೆಕ್ಕವೂ ಈ ರಸ್ತೆಗಳ ಮೇಲೆಯೇ ನಿಂತಿದೆ. ಮನೆ ತಲುಪಿದಾಗ ಆಯಿ ಬಚ್ಚಲ ಒಲೆಗೆ ದಪ್ಪ ಕುಂಟೆ ನೂಕಿ ಹಂಡೆಯ ನೀರು ಕುದಿಸಿಟ್ಟಿದ್ದಳು. ತಂಗಿ ಒಳಗೆ ಕಾಲಿಟ್ಟವಳು ಕೇಳಿದ್ದು, “ಕೆಸುವಿನ ಸೊಪ್ಪು ಬಂಜಾ ಆಯೀ?” ಎಂದು. ಅವತ್ತು ರಾತ್ರಿ ಕರಕಲಿ ಬೆಂದಿತು, ಹುಳಿ ಮುಂದಾಗಿ.

ಆ ದಿನಗಳಲ್ಲಿ ನಮ್ಮ ತೋಟಕ್ಕೆ ಬಂದು ನಿಂತರೆ ಮೊದಲು ಮೂಗಿಗೆ ಸಿಗುವುದು ಸುಣ್ಣದ ವಾಸನೆ. ಒಂದು ಬಕೆಟ್ಟಿನಲ್ಲಿ ಮೈಲುತುತ್ತ ಕರಗಿ ನೀರು ನೀಲಿಯಾಗಿರುತ್ತದೆ, ಇನ್ನೊಂದರಲ್ಲಿ ಸುಣ್ಣದ ತಿಳಿ. ಎರಡನ್ನೂ ಡ್ರಮ್ಮಿಗೆ ಸುರಿದು ಕೋಲಾಡಿಸುತ್ತ ಹೋದಂತೆ ಬಣ್ಣ ತಿಳಿಯಾದ ಆಕಾಶದ್ದಾಗುತ್ತದೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು: ಕೊಳೆರೋಗಕ್ಕೆ ತೋಟಿಗರು ನಂಬಿದ ಬೋರ್ಡೋ ಮದ್ದು ಇದೇ. ಅಳತೆ ಸರಿಯಿದ್ದರೂ ಅಪ್ಪಯ್ಯ ಒಂದು ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ಎತ್ತಿ ನೋಡುತ್ತಾನೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ, ಇನ್ನಷ್ಟು ಬೇಕು. ಕೊನೆಗೌಡ ಪಾದಗಳಿಗೆ ಹಗ್ಗದ ಉಂಗುರ ತೊಟ್ಟು, ಪಾಚಿ ಜಾರುವ ಮರಕ್ಕೆ ಮೈಯೆಲ್ಲ ಹಚ್ಚಿ ಏರುತ್ತಾನೆ. ಒಮ್ಮೆ ತುದಿ ಮುಟ್ಟಿದರೆ ಮತ್ತೆ ಇಳಿಯುವುದಿಲ್ಲ. ಮರವನ್ನೇ ತೂಗಿ ಪಕ್ಕದ ಮರ ಹಿಡಿದು ದಾಟುತ್ತ ಹೋಗುತ್ತಾನೆ. ಕೆಳಗೆ ನಿಂತವರ ಕುತ್ತಿಗೆ ನೋಯುತ್ತದೆ. ಮದ್ದಿನ ಹನಿ ಮಂಜಾಗಿ ಮೈಮೇಲೆ ಇಳಿಯುತ್ತದೆ, ಮೋಡ ಒಂದಿಷ್ಟು ಬಿಡುವು ಕೊಟ್ಟರೆ ಸಾಕು ಎಂದು ಎಲ್ಲರೂ ಆಕಾಶ ನೋಡುತ್ತಾರೆ. ಘಟ್ಟದಂಚಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಸೀಮೆಯಲ್ಲಿ ಆ ಬಿಡುವು ಸಿಕ್ಕ ದಿನವೇ ಹಬ್ಬ.

ಅದೇ ಮಳೆಯಲ್ಲಿ ಕಾಡಿನಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಊರಿನ ಹೆಂಗಸರು ಕಂಬಳಿಕೊಪ್ಪೆ ಹಾಕಿ, ಬುಟ್ಟಿ ಹೊತ್ತು ಮುಂಜಾವಿನಲ್ಲೇ ಹೊರಡುತ್ತಾರೆ. ಹಳದಿ ಹಣ್ಣು ಬಿಡಿಸಿ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದರೆ ಕಪ್ಪಗಾಗಿ ಮುರುಟುತ್ತದೆ. ಮನೆಯಿಡೀ ಹುಳಿ ಹೊಗೆ. ಅವರಿಗಿಂತ ಮೊದಲು ಮರ ಹತ್ತಿದವರು ಬೇರೆ ಇರುತ್ತಾರೆ. ನಾನೂ ಅಪ್ಪಯ್ಯನೂ ಜೋಗದ ದಾರಿಯಲ್ಲಿ ನಿಂತಿದ್ದಾಗ ಮೇಲಿನ ಕೊಂಬೆ ಅಲುಗಿ ನೀರು ನಮ್ಮ ಮೇಲೆ ಕೊಡವಿತು. ಕರಿ ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ: ಸಿಂಗಳೀಕ. ತಾಯಿಯೊಂದು ಮರಿಯನ್ನು ಹೊಟ್ಟೆಗೆ ಅವಚಿಕೊಂಡು ನಮ್ಮನ್ನು ಅಷ್ಟು ಹೊತ್ತು ದಿಟ್ಟಿಸಿ, ಮತ್ತೆ ಹಣ್ಣಿಗೆ ಕೈ ಹಾಕಿತು. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಇವು ಬೇರೆಲ್ಲೂ ಇಲ್ಲ. ಶಿರಸಿ–ಹೊನ್ನಾವರದ ಈ ಕಾಡು ಇವುಗಳ ನೆಲೆಯ ಬಡಗಣ ಅಂಚು. ಇವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಸರಕಾರ ಘೋಷಿಸಿತು. ಜನ ಅಲ್ಲಿಯೇ ಇದ್ದಾರೆ, ತೋಟ ಅಲ್ಲಿಯೇ ಇದೆ, ಉಪ್ಪಾಗೆಯನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಕಾಡನ್ನು ಉಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಕೂಸು ಹುಟ್ಟಿದ್ದು ಆಷಾಢದ ಕೊನೆಯಲ್ಲಿ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕರೆಂಟಿರಲಿಲ್ಲ. ಲಾಟೀನಿನ ಬೆಳಕಿನಲ್ಲಿ ಅಟ್ಟದಿಂದ ಹಳೆಯ ತೊಟ್ಟಿಲು ಇಳಿಸಿ, ಬಿಸಿನೀರಿನಲ್ಲಿ ತೊಳೆದು ಒಲೆಯ ಬದಿಗೆ ಒಣಗಲು ಇಟ್ಟರು. ನಾನೂ ತಂಗಿಯೂ ಮಲಗಿದ ತೊಟ್ಟಿಲೇ ಅದು. ಅಲ್ಲಿಂದ ಮುಂದೆ ಎರಡು ತಿಂಗಳು ನಮ್ಮ ಮನೆಯ ಗಾಳಿಯಲ್ಲಿ ಕಾಳುಮೆಣಸು, ಶುಂಠಿ, ಎಣ್ಣೆ, ಬೆಚ್ಚಗೆ ಒಣಗುತ್ತಿರುವ ಹಳೆ ಸೀರೆಯ ಬಟ್ಟೆ, ಇವಿಷ್ಟೇ ತುಂಬಿದ್ದವು. ಮಳೆಯಲ್ಲಿ ಬಟ್ಟೆ ಒಣಗಿಸುವುದೇ ಮನೆಯ ದೊಡ್ಡ ಕೆಲಸವಾಯಿತು. ಅಪ್ಪಯ್ಯನೂ ಅದಕ್ಕೆ ಕೈ ಹಚ್ಚಿದ. ಚೌತಿಯ ಗಣಪತಿ ಬಂದು ಕೂತ, ಚಕ್ಕುಲಿ ಮುರಿಯಿತು, ಗಣಪತಿಯನ್ನು ಹಳ್ಳಕ್ಕೆ ಬಿಟ್ಟೆವು. ಬಿಸಿಲು ಕಾಣಿಸಿತು.

ಬಾಣಂತಿಯನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸಿಕೊಡಲು ನಾವೆಲ್ಲ ಘಟ್ಟ ಇಳಿದಾಗ ಕೆಳಗೆ ಕಗ್ಗ ಭತ್ತದ ಕೊಯ್ಲು. ಕುಮಟಾದ ಮಾಣಿಕಟ್ಟೆಯ ಗಜನಿಯನ್ನು ನೋಡದವರಿಗೆ ಒಂದು ಮಾತು ಹೇಳಬೇಕು: ಅದು ಗದ್ದೆ ಹೌದು, ಹೊಳೆಯೂ ಹೌದು, ಅರ್ಧ ವರ್ಷ ಕಡಲೂ ಹೌದು. ಬಯಲಿನ ಸುತ್ತ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು, ಅದಕ್ಕೆ ಜಂತ್ರಡಿ ಎನ್ನುತ್ತಾರೆ. ಮಳೆಗೆ ಮುಂಚೆ ಅದನ್ನು ಮುಚ್ಚಿ ಉಪ್ಪುನೀರನ್ನು ಹೊರಗೇ ತಡೆಯುತ್ತಾರೆ. ಜೂನಿನ ಮಳೆ ಮಣ್ಣಿನ ಉಪ್ಪನ್ನು ತೊಳೆಯುತ್ತದೆ, ಆಗ ಮೊಳಕೆ ಬಂದ ಬೀಜವನ್ನು ಕೆಸರಿಗೆ ಎರಚುತ್ತಾರೆ. ಆಮೇಲೆ ಗೊಬ್ಬರವಿಲ್ಲ, ಔಷಧಿಯಿಲ್ಲ. ಹೊಳೆ ಉಕ್ಕಿ ಪೈರು ದಿನಗಟ್ಟಲೆ ಮುಳುಗಿದರೂ ಕಗ್ಗ ಸಾಯುವುದಿಲ್ಲ, ಉಪ್ಪು ತುಸು ಒಳನುಸುಳಿದರೂ ಸಾಯುವುದಿಲ್ಲ. ನಾವು ಹೋದಾಗ ಎದೆಮಟ್ಟ ಬೆಳೆದ ಪೈರು ಗಾಳಿಗೆ ಒಂದೇ ದಿಕ್ಕಿಗೆ ಮಲಗಿತ್ತು. ಮೊಣಕಾಲು ನೀರಿನಲ್ಲಿ ನಿಂತ ಹೆಂಗಸರು ತೆನೆಯ ಭಾಗವನ್ನಷ್ಟೇ ಕುಯ್ದು ಸಿವುಡು ಕಟ್ಟಿ ದಂಡೆಗೆ ಸಾಗಿಸುತ್ತಿದ್ದರು. ಬೆಳ್ಳಕ್ಕಿಗಳು ಅವರ ಕಾಲ ಬಳಿಯೇ ಹೆಜ್ಜೆ ಹಾಕುತ್ತಿದ್ದವು. ಬುಡದ ಹುಲ್ಲು ನೀರಿನಲ್ಲೇ ಉಳಿಯುತ್ತದೆ. ಕೊಯ್ಲು ಮುಗಿದ ಮೇಲೆ ಜಂತ್ರಡಿ ತೆರೆದರೆ ಭರತದ ನೀರಿನೊಂದಿಗೆ ಸಿಗಡಿ, ಮೀನು ಒಳಬರುತ್ತವೆ, ಆ ಕೊಳೆತ ಹುಲ್ಲಿನ ನಡುವೆ ಬೆಳೆಯುತ್ತವೆ. ಅಕ್ಕಿ ಕೊಟ್ಟ ಬಯಲೇ ಬೇಸಿಗೆಗೆ ಮೀನನ್ನೂ ಕೊಡುತ್ತದೆ.

ಭಾವ ಕಟ್ಟೆಯ ಮೇಲೆ ನಡೆಯುತ್ತ ತೆನೆಯೊಂದನ್ನು ಅಂಗೈಯಲ್ಲಿ ತಿಕ್ಕಿ ಊದಿ, ಉಳಿದ ಕೆಂಪು ಅಕ್ಕಿ ಕಾಳುಗಳನ್ನು ಅಪ್ಪಯ್ಯನ ಕೈಗೆ ಹಾಕಿದ. ಅಪ್ಪಯ್ಯ ಬಾಯಿಗೆ ಹಾಕಿ ಅಗಿದು ನೋಡಿದ. ಬಿತ್ತುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ಕಟ್ಟೆಯ ದುರಸ್ತಿಗೆ ಒಬ್ಬರ ಕೈ ಸಾಲದು, ಊರೇ ಸೇರಬೇಕು ಎಂದು ಭಾವ ಹೇಳುತ್ತಿದ್ದ. ಮಾಣಿಕಟ್ಟೆಯಲ್ಲಿ ಇನ್ನೂ ಊರು ಸೇರುತ್ತದೆ. ಅನೇಕ ಕಡೆ ಕಟ್ಟೆ ಒಡೆದು ಗಜನಿ ಪಾಳು ಬಿದ್ದಿದೆ, ಕೆಲವು ಕಡೆ ಬರೀ ಸಿಗಡಿ ಕೃಷಿಯ ಹೊಂಡಗಳಾಗಿವೆ. ಸಾವಿರಾರು ವರ್ಷ ಉಪ್ಪಿನೊಂದಿಗೆ ಬದುಕಲು ಕಲಿತ ಬೀಜ ಕಳೆದುಹೋದರೆ ಅದನ್ನು ಯಾವ ಅಂಗಡಿಯಿಂದ ತರುವುದು?

ಚಳಿಗಾಲ ಅಡಿಕೆಯದು. ಕೊನೆಗೌಡ ಮೇಲಿನಿಂದ ಗೊನೆಯನ್ನು ಹಗ್ಗಕ್ಕೆ ಸಿಕ್ಕಿಸಿ, “ಹೆಗಡೇರೇ, ಹಗ್ಗ ಹಿಡೀರಿ!” ಎಂದು ಕೂಗಿ ಬಿಡುತ್ತಾನೆ. ಗೊನೆ ಜರ್ರೆಂದು ಜಾರಿ ಬಂದು ಕೈಗೆ ಕೂರುತ್ತದೆ. ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿಗಳ ಸಾಲು, ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಟಪಟಪ, ನಡುವೆ ಯಕ್ಷಗಾನದ ಪದ, ಊರಿನ ಸುದ್ದಿ, ಒಲೆಯ ಮೇಲೆ ಚೊಗರು ಹಾಕಿ ಬೇಯುವ ಅಡಿಕೆಯ ಒಗರು ಹಬೆ. ಆಲೆಮನೆಗೆ ಕರೆ ಬಂತು, ನೊರೆಬೆಲ್ಲ ಕುಡಿದೆವು, ಆಯಿ ಮಡಕೆ ಕವುಚಿ ತೊಡದೇವು ಎರೆದಳು, ಅದರ ಒಂದು ಡಬ್ಬಿ ಘಟ್ಟದ ಕೆಳಗೆ ಹೋಯಿತು. ಅಡಿಕೆಯ ಬಗ್ಗೆ ಬರೆಯಲು ಕೂತರೆ ಬೇರೆಯೇ ಲೇಖನ ಬೇಕು; ಒಂದು ಸಂಗತಿ ಮಾತ್ರ ಇಲ್ಲಿ ಸೇರಬೇಕಾದ್ದು. ಬ್ರಿಟಿಷರ ಕಾಲದಿಂದ ಈ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕಿದೆ. ಆ ಬೆಟ್ಟದ ಸೊಪ್ಪು ತೋಟದ ಬುಡಕ್ಕೆ, ಆ ಬೆಟ್ಟದ ಮರದ ಬುಡದಲ್ಲಿ ಇಂಗಿದ ನೀರು ಹಳ್ಳಕ್ಕೆ, ಹಳ್ಳ ಅಘನಾಶಿನಿಗೆ. ಫೆಬ್ರವರಿಯಲ್ಲೂ ನಮ್ಮ ಹಳ್ಳದಲ್ಲಿ ನೀರಿನ ಸದ್ದಿದೆಯೆಂದರೆ ಅದು ಬೆಟ್ಟದ ಕೊಡುಗೆ. ಬೆಟ್ಟ ಬೋಳಾದ ಕಡೆ ಹಳ್ಳ ಸಂಕ್ರಾಂತಿಗೇ ಬತ್ತುತ್ತದೆ, ಅದನ್ನೂ ನೋಡಿದ್ದೇನೆ.

ಅಡಿಕೆ ಅಟ್ಟದಿಂದ ಇಳಿದು ಕೈ ಖಾಲಿಯಾದ ಮೇಲೆ ಅಪ್ಪಯ್ಯನನ್ನು ಹೊಳೆ ಹುಟ್ಟುವಲ್ಲಿಗೆ ಕರೆದೊಯ್ದೆ. ಶಿರಸಿಯ ಶಂಕರಹೊಂಡದಲ್ಲಿ ಅಘನಾಶಿನಿಯ ಒಂದು ಎಳೆ ಹುಟ್ಟುತ್ತದೆ ಎನ್ನುತ್ತಾರೆ, ಇನ್ನೊಂದು ಎಳೆ ಮಂಜುಗುಣಿಯ ಕಡೆಯಿಂದ ಬರುತ್ತದೆ. ಪೇಟೆಯ ಮೂಲವನ್ನು ನೋಡಿ ಅಪ್ಪಯ್ಯ ಹೆಚ್ಚು ಮಾತಾಡಲಿಲ್ಲ. ಆಟೋಗಳ ಸದ್ದು, ಅಂಗಡಿಯವರ ಕೂಗು, ನಡುವೆ ಒಂದಿಷ್ಟು ನಿಂತ ನೀರು. ಮಂಜುಗುಣಿಯಲ್ಲಿ ಮಾತ್ರ ಅವನ ಮುಖ ಅರಳಿತು. ವೆಂಕಟರಮಣನ ಗುಡಿಯಲ್ಲಿ ಕೈ ಮುಗಿದು, ಊರಾಚೆಯ ಕಾಡಿನ ಇಳಿಜಾರಿನಲ್ಲಿ ತರಗೆಲೆ ಸರಿಸಿ ನೋಡಿದರೆ ಅಡಿಯಲ್ಲಿ ನೀರಿನ ಪಸೆ, ಮುಂದೆ ಹೋದಂತೆ ಬೆರಳಗಲದ ಹರಿವು, ಅದರ ಎರಡೂ ಬದಿ ಜರಿಗಿಡ. ಅಪ್ಪಯ್ಯ ಕೂತು, ಬೊಗಸೆ ಒಡ್ಡಿ, ಅದು ತುಂಬುವವರೆಗೂ ಕಾದ. ತಂಪು ತುಂಬ ಇತ್ತೆಂದು ಆಮೇಲೆ ಹೇಳಿದ.

ಹೊಳೆಯ ಉದ್ದ ಮೂಲದಿಂದ ಕಡಲವರೆಗೆ ಸುಮಾರು 120 ಕಿಲೋಮೀಟರ್. ಈ ಉದ್ದಕ್ಕೂ ಒಂದೇ ಒಂದು ಅಣೆಕಟ್ಟಿಲ್ಲ. ಉತ್ತರದ ಕಾಳಿಗೂ ದಕ್ಷಿಣದ ಶರಾವತಿಗೂ ದೊಡ್ಡ ಜಲಾಶಯಗಳಿವೆ, ವಿದ್ಯುತ್ತಿನ ಲೆಕ್ಕವಿದೆ; ನಡುವಿನ ಈ ಹೊಳೆ ಮಳೆ ಬಂದಾಗ ತುಂಬಿ, ಬೇಸಿಗೆಯಲ್ಲಿ ಇಳಿದು, ತನ್ನ ಪಾಡಿಗೆ ತಾನು ಹರಿಯುತ್ತಿದೆ. ಅದರಿಂದ ಏನಾಗುತ್ತದೆ ಎನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಪುಸ್ತಕ ಓದಿ ತಿಳಿದದ್ದಲ್ಲ. ಆಯಿಯ ಭರಣಿಯಲ್ಲಿ ಕಂಡದ್ದು.

ಮಾರ್ಚಿ ಮುಗಿಯುವ ಹೊತ್ತಿಗೆ ಹೊಳೆದಂಡೆಯ ಅಪ್ಪೆ ಮರಗಳಲ್ಲಿ ಮಿಡಿ ಬಲಿಯುತ್ತದೆ. ಈ ಮರಗಳನ್ನು ಯಾರೂ ನೆಟ್ಟದ್ದಲ್ಲ, ನೀರಿನೊಂದಿಗೆ ಬಂದ ಗೊರಟೆ ದಂಡೆಗೆ ತಾಗಿ ಬೆಳೆದದ್ದು. ಬೇರು ಮಳೆಗಾಲದಲ್ಲಿ ನೆರೆಯಲ್ಲಿ ಮುಳುಗಿರುತ್ತದೆ, ಬೇಸಿಗೆಯಲ್ಲಿ ಒದ್ದೆ ಮರಳಿನಲ್ಲಿ. ಬೆಳಗಿನ ಜಾವ ನಮ್ಮೊಂದಿಗೆ ಬಂದರೆ ನೀವು ನಿಲ್ಲಬೇಕಾದ್ದು ಹೊಳೆಯತ್ತ ವಾಲಿದ ಮರದ ಬುಡದಲ್ಲಿ, ಬಂಡೆಯ ಮೇಲೆ. ಮರ ಹತ್ತಿದವನ ಕಾಲುಗಳಷ್ಟೇ ಎಲೆಗಳ ನಡುವೆ ಕಾಣುತ್ತವೆ. ಅವನು ಗೊಂಚಲನ್ನು ತೊಟ್ಟಿನ ಸಮೇತ ಮುರಿದು, ಬುಟ್ಟಿಗೆ ತುಂಬಿ, ಹಗ್ಗ ಬಿಡುತ್ತಾನೆ. ಬುಟ್ಟಿ ತಿರುಗುತ್ತ ತಿರುಗುತ್ತ ಇಳಿಯುತ್ತದೆ. ಮಿಡಿ ನೆಲಕ್ಕೆ ಬೀಳಬಾರದು, ಬಿದ್ದದ್ದು ಪೆಟ್ಟಾಗಿ ಭರಣಿಯಲ್ಲಿ ಮೆತ್ತಗಾಗುತ್ತದೆ. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ. ಆ ಸೊನೆಯ ಪರಿಮಳವನ್ನು ಹೇಳಲು ನನ್ನಿಂದಾಗದು. ಒಂದು ಮರದ್ದು ಜೀರಿಗೆ, ಇನ್ನೊಂದರದ್ದು ಕರ್ಪೂರ, ಮತ್ತೊಂದರದ್ದು ಅದಕ್ಕೂ ಆಚೆಯದು. ಅನಂತಭಟ್ಟನ ಅಪ್ಪೆ, ಮಾಲಂಜಿ, ಹಳದೋಟ ಎಂದು ಮರಗಳಿಗೇ ಹೆಸರು, ಮನೆತನಗಳಿಗಿರುವಂತೆ ಕೀರ್ತಿ.

ಆಯಿ ಮಿಡಿಯನ್ನು ಚಾಪೆಯ ಮೇಲೆ ಹರವಿ ಒಂದೊಂದನ್ನೇ ಎತ್ತಿ ನೋಡುತ್ತಾಳೆ. ತೊಟ್ಟನ್ನು ಅರ್ಧ ಬೆರಳಿನಷ್ಟು ಬಿಟ್ಟು ಕತ್ತರಿಸಬೇಕು, ಅದಕ್ಕಿಂತ ಕೆಳಗೆ ಕತ್ತರಿ ಹೋದರೆ ಬೈಗಳು. “ಸೊನೆ ಹೋದ್ರೆ ಮಿಡಿ ಎಂತಕ್ಕೆ ತಮಾ?” ಆಮೇಲೆ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು, ಮತ್ತೆ ಮಿಡಿ, ಮತ್ತೆ ಉಪ್ಪು, ಭರಣಿಯ ಕುತ್ತಿಗೆವರೆಗೆ. ಮೇಲೆ ತೊಳೆದ ಕಲ್ಲು. ದಿನ ಕಳೆದಂತೆ ಮಿಡಿ ತನ್ನ ನೀರು ಬಿಟ್ಟು ಸುಕ್ಕುಗಟ್ಟುತ್ತದೆ, ಉಪ್ಪು ಕರಗಿ ಅದರೊಳಕ್ಕೆ ಇಳಿಯುತ್ತದೆ. ಆ ಉಪ್ಪುನೀರನ್ನೇ ಬಳಸಿ ಸಾಸಿವೆ, ಮೆಣಸು ರುಬ್ಬಿ ಸೇರಿಸಿದರೆ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದು.

ಆ ಹರಳುಪ್ಪು ಬಂದದ್ದು ಸಾಣಿಕಟ್ಟೆಯಿಂದ. ಗೋಕರ್ಣದ ಹತ್ತಿರ, ಇದೇ ಅಘನಾಶಿನಿಯ ಅಳಿವೆಯ ಬದಿಯಲ್ಲಿ, ಶತಮಾನಗಳಿಂದ ಉಪ್ಪಿನ ಆಗರಗಳಿವೆ. ಶಿವರಾತ್ರಿಯ ಹೊತ್ತಿಗೆ ತಂಗಿಯ ಮನೆಗೆ ಹೋದವರು ಅಲ್ಲಿಗೂ ಹೋದೆವು. ಮಧ್ಯಾಹ್ನದ ಬಿಸಿಲಲ್ಲಿ ಕಣ್ಣು ಬಿಡಲಾಗದ ಬಿಳುಪು. ಭರತದ ನೀರನ್ನು ಮೊದಲು ದೊಡ್ಡ ಹೊಂಡಕ್ಕೆ ಬಿಟ್ಟುಕೊಂಡು, ಅಲ್ಲಿಂದ ಮಡಿಯಿಂದ ಮಡಿಗೆ ಹಾಯಿಸುತ್ತ, ಬಿಸಿಲಿಗೆ ನೀರು ಗಟ್ಟಿಯಾಗುವಂತೆ ಮಾಡುತ್ತಾರೆ. ಕೊನೆಯ ಮಡಿಯಲ್ಲಿ ನೀರಿನ ಮೇಲೆ ತೆಳು ಕೆನೆ ಕಟ್ಟಿ, ಅಡಿಯಲ್ಲಿ ಹರಳು ಕೂರುತ್ತದೆ. ಕೆಲಸದವರು ಬರಿಗಾಲಲ್ಲಿ ನಿಂತು, ಉದ್ದ ಕೋಲಿಗೆ ಹಲಗೆ ಕಟ್ಟಿ ಎಳೆದು ಬದಿಗೆ ರಾಶಿ ಹಾಕುತ್ತಿದ್ದರು. ತುಸು ಕಂದು ಛಾಯೆಯ, ದಪ್ಪ ಹರಳಿನ ಉಪ್ಪು. ಅವರ ಅಂಗಾಲಿನ ಬಿರುಕುಗಳಲ್ಲೂ ಬಿಳಿ ಹರಳು ಕೂತಿತ್ತು. ಆಯಿಗೆ ಪ್ಯಾಕೆಟ್ ಉಪ್ಪು ಮಿಡಿಗೆ ಆಗುವುದೇ ಇಲ್ಲ. ಅಪ್ಪಯ್ಯನ ಅಜ್ಜ ಅಡಿಕೆ, ಮೆಣಸು ಹೇರಿದ ಎತ್ತಿನ ಗಾಡಿಯೊಂದಿಗೆ ಕುಮಟಾ ಬಂದರಿಗೆ ಇಳಿದು, ಬರುವಾಗ ಈ ಉಪ್ಪನ್ನು ಹೇರಿಕೊಂಡು ಬರುತ್ತಿದ್ದನಂತೆ. ನಾವು ಜೀಪಿನ ಹಿಂದೆ ಎರಡು ಚೀಲ ಹಾಕಿಕೊಂಡು ಬಂದೆವು.

ಘಟ್ಟದ ನೆರೆಯಲ್ಲಿ ಬೇರು ನೆನೆದ ಮಾವು, ಅದೇ ಹೊಳೆಯ ಬಾಯಲ್ಲಿ ಕಡಲಿನಿಂದ ಪಡೆದ ಉಪ್ಪು. ಸಿಹಿನೀರು ತನ್ನ ಕಾಲಕ್ಕೆ ಇಳಿದುಬಂದರಷ್ಟೇ ಕಗ್ಗದ ಗದ್ದೆಯ ಉಪ್ಪು ತೊಳೆಯುತ್ತದೆ. ತನ್ನ ಕಾಲಕ್ಕೆ ಹಿಂಜರಿದರಷ್ಟೇ ಆಗರದಲ್ಲಿ ಹರಳು ಕಟ್ಟುತ್ತದೆ. ಈ ಬರುವಿಕೆ, ಹಿಂಜರಿಕೆಗಳ ಲೆಕ್ಕ ತಪ್ಪದೆ ನಡೆಯುತ್ತಿರುವುದು ನಡುವೆ ಯಾರೂ ಬಾಗಿಲು ಹಾಕಿಲ್ಲವಾದ್ದರಿಂದ.

ಮೇ ತಿಂಗಳ ಒಂದು ಬೆಳಗ್ಗೆ ಅಪ್ಪಯ್ಯ, ಆಯಿ, ತಂಗಿ, ಕೂಸು, ಭಾವ, ನಾನು ಎಲ್ಲರೂ ಅಳಿವೆಯ ಕಡೆ ಹೊರಟೆವು. ಹೆದ್ದಾರಿಯಿಂದ ಮಿರ್ಜಾನಿನ ಕೋಟೆಯ ಕೆಂಪು ಕಲ್ಲಿನ ಗೋಡೆ ಕಾಣಿಸಿತು. ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳುತ್ತಿದ್ದಾಗ ಘಟ್ಟದ ಮೆಣಸು ಹಡಗು ಹತ್ತುತ್ತಿದ್ದದ್ದು ಈ ಸೀಮೆಯಿಂದಲೇ. ತದಡಿಯಲ್ಲಿ ದೋಣಿ ಹತ್ತಿದೆವು. ನೀರು ಇಳಿದ ಹೊತ್ತು. ಹೊಳೆಯ ನಡುವೆ ಮರಳಿನ ದಿಬ್ಬಗಳು ಮೇಲೆದ್ದಿದ್ದವು, ದಂಡೆಗುಂಟ ಕಾಂಡ್ಲಾ ಗಿಡಗಳ ಬೇರು ಕೆಸರಿನಿಂದ ಹೊರಬಂದು ನಿಂತಿದ್ದವು. ದಿಬ್ಬಗಳ ಮೇಲೆ, ಸೊಂಟದ ನೀರಿನಲ್ಲಿ, ಎಲ್ಲೆಲ್ಲೂ ಬಾಗಿದ ಬೆನ್ನುಗಳು. ಬಳಚು ಹೆಕ್ಕುವವರು. ಕೆಲವರು ಕಾಲಿನಿಂದಲೇ ಮರಳು ಕೆದಕಿ, ಬೆರಳಿಗೆ ಚಿಪ್ಪು ತಾಗಿದ್ದನ್ನು ಅರಿತು, ಮುಳುಗಿ ಎತ್ತುತ್ತಿದ್ದರು. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ಅಲ್ಯೂಮಿನಿಯಂ ಪಾತ್ರೆ ತೇಲುತ್ತ ಅವರ ಹಿಂದೆಯೇ ಹೋಗುತ್ತಿತ್ತು. ಚಿಪ್ಪುಗಳು ಅದಕ್ಕೆ ಬಿದ್ದಾಗ ಆಗುವ ಠಣ್ ಸದ್ದು ನೀರಿನ ಮೇಲೆ ದೂರದವರೆಗೆ ಕೇಳುತ್ತದೆ. ಬಂಡವಾಳ ಬೇಡದ, ಯಾರ ಅಪ್ಪಣೆಯೂ ಬೇಡದ ಕೆಲಸ. ಈ ಅಳಿವೆಯ ಊರುಗಳ ಸಾವಿರಾರು ಮನೆಗಳ ಒಲೆ ಇದರಿಂದ ಉರಿಯುತ್ತದೆ. ಒಬ್ಬ ಹಿರಿಯ ಹೆಂಗಸು ನೆಟ್ಟಗೆ ನಿಂತು ಕಡಲಿನತ್ತ ನೋಡಿ ಕೂಗಿದಳು: “ನೀರ್ ಬಂತ್ರೇ, ಏಳ್ರೇ!” ನಮಗೆ ಏನೂ ಕಾಣಲಿಲ್ಲ. ಅವಳ ಕಾಲಿಗೆ ಗೊತ್ತಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ದಿಬ್ಬದ ಅಂಚುಗಳು ಕರಗತೊಡಗಿದವು, ಹೊಳೆ ಹಿಂದಕ್ಕೆ, ಮೇಲಕ್ಕೆ ಹರಿಯತೊಡಗಿತು. ಈ ಭರತ ಉಪ್ಪಿನಪಟ್ಟಣದವರೆಗೂ ಏರುತ್ತದೆ ಎಂದು ದೋಣಿಯವ ಹೇಳಿದ. ಅಪ್ಪಯ್ಯ ದೋಣಿಯ ಅಂಚಿಗೆ ಬಾಗಿ, ನೀರು ಮುಟ್ಟಿ, ನಾಲಿಗೆಗೆ ಹಚ್ಚಿ ನೋಡಿದ. ತಂಗಿ ಕೂಸಿನ ಪಾದವನ್ನೂ ಅದರಲ್ಲಿ ಅದ್ದಿದಳು. ಕೂಸು ಕಾಲೆಳೆದುಕೊಂಡು ನಕ್ಕಿತು.

ಇದೇ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಬಂದಿತ್ತು. ಊರಿನವರು, ಮೀನುಗಾರರು, ವಿಜ್ಞಾನಿಗಳು, ಘಟ್ಟದ ಮೇಲಿನ ತೋಟಿಗರು ಒಟ್ಟಾಗಿ ಬೇಡವೆಂದರು, ಅದು ನಿಂತಿತು. 2024ರ ಜನವರಿಯಲ್ಲಿ 4801 ಹೆಕ್ಟೇರಿನ ಈ ಅಳಿವೆಗೆ ಅಂಕಸಮುದ್ರ ಮತ್ತು ಮಾಗಡಿ ಕೆರೆಗಳ ಜೊತೆ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಯ ಮನ್ನಣೆ ಸಿಕ್ಕಿತು. ಅದಕ್ಕೆ ಮೊದಲು ಕರ್ನಾಟಕದಲ್ಲಿ ಆ ಪಟ್ಟಿಗೆ ಸೇರಿದ್ದು ರಂಗನತಿಟ್ಟು ಒಂದೇ. ಈಗ ಮತ್ತೆ ಅಘನಾಶಿನಿಯ ನೀರನ್ನು ಪೂರ್ವಕ್ಕೆ ತಿರುಗಿಸಿ ವೇದಾವತಿ ಕೊಳ್ಳಕ್ಕೆ ಒಯ್ಯುವ ಪ್ರಸ್ತಾವ ಮುಂದಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಅಲ್ಲಿನ ಕೆರೆಗಳು ತುಂಬಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಡಲಿಗೆ ಸೇರುವ ನೀರು ವ್ಯರ್ಥ ಎಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. ಆ ನೀರು ಕಗ್ಗವಾಗಿ, ಬಳಚಾಗಿ, ಸಿಗಡಿಯಾಗಿ ಊಟದ ಎಲೆಗೆ ಬರುವುದನ್ನು ಈ ವರ್ಷವಿಡೀ ಕಣ್ಣಾರೆ ನೋಡಿದ್ದೇನೆ.

ಯೋಜನೆ ಬರೆಯುವವರು ಒಂದು ವರ್ಷ, ಮಳೆಗೊಮ್ಮೆ, ಕೊಯ್ಲಿಗೊಮ್ಮೆ, ಬೇಸಿಗೆಗೊಮ್ಮೆ, ಮಂಜುಗುಣಿಯಿಂದ ತದಡಿಯವರೆಗೆ ಈ ಹೊಳೆಗುಂಟ ಬಂದು ಹೋಗಲಿ. ಆಮೇಲೆ ತೀರ್ಮಾನಿಸಲಿ. ನೀವೂ ಬನ್ನಿ, ಬರುವಾಗ ಮನೆಯ ಹಿರಿಯರನ್ನು ಕರೆದುಕೊಂಡೇ ಬನ್ನಿ. ಜೋಗ ನೋಡಲು ಮಳೆ ತುಸು ತಗ್ಗಿದ ಸೆಪ್ಟೆಂಬರಿನ ಮೇಲೆ ಒಳ್ಳೆಯದು, ಕಗ್ಗದ ಕೊಯ್ಲಿಗೆ ಅಕ್ಟೋಬರ್ ಕೊನೆ, ಉಪ್ಪಿನ ಆಗರಕ್ಕೆ ಫೆಬ್ರವರಿಯಿಂದ ಮೇ.